ಕೇಳಲು ಹೊರಟವರ ದಾರಿ: ಕುಂದಗೋಳ, ಮೀರಜ್, ಪುಣೆ

ಡಿಸೆಂಬರ್ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಬೆಳಗಾವಿಯ ಸಂಗೀತಪ್ರೇಮಿಗಳಲ್ಲಿ ಹಲವರು ರಜೆ ಹೊಂದಿಸಿಕೊಂಡು, ರೈಲಿನ ಟಿಕೆಟ್ ಕಾಯ್ದಿರಿಸಿ, ನಾಲ್ಕಾರು ಜನ ಸಮಾನಾಸಕ್ತರ ಜೊತೆಗೂಡಿ ಪುಣೆಗೆ ಹೊರಡುವುದು ಉತ್ತರ ಕರ್ನಾಟಕದಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಅವರನ್ನು ಅಲ್ಲಿಗೆ ಸೆಳೆಯುವ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವು, ಕುಂದಗೋಳದ ಗಾಯಕ ಸವಾಯಿ ಗಂಧರ್ವರು ತೀರಿಕೊಂಡ ಮರುವರ್ಷ, ಅಂದರೆ 1953ರಲ್ಲಿ, ಅವರ ಶಿಷ್ಯ ಭೀಮಸೇನ ಜೋಶಿಯವರ ಮುಂದಾಳುತನದಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಆರಂಭವಾಯಿತು. ಜೋಶಿಯವರು 2011ರಲ್ಲಿ ನಿಧನರಾದ ಬಳಿಕ ಗುರುವಿನ ಹೆಸರಿನ ಜೊತೆಗೆ ಶಿಷ್ಯನ ಹೆಸರೂ ಸೇರಿತು. ಮೆಚ್ಚಿನ ಗಾಯಕನನ್ನು ಎದುರಿಗೆ ಕುಳಿತು ಕೇಳಬೇಕೆಂದು ಊರು ಬಿಟ್ಟು ಹೊರಡುವ ಈ ಪದ್ಧತಿ ಅಭಿಮಾನದಿಂದ ಹುಟ್ಟಿದ್ದು ನಿಜವಾದರೂ, ಅದರ ಫಲ ಅಭಿಮಾನಕ್ಕಿಂತ ದೊಡ್ಡದು. ಹಿಂದುಸ್ತಾನಿ ಸಂಗೀತವನ್ನು ಕೇಳುವ ವಿದ್ಯೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಬಹುಮಟ್ಟಿಗೆ ಇಂಥ ಒಡನಾಟದಲ್ಲಿಯೇ, ಮತ್ತು ಗಾಯಕರ ಸಾಧನೆಯ ಜೊತೆಗೆ ಈ ಕೇಳ್ವಿಕೆಯೂ ಆ ಸಂಗೀತವನ್ನು ಕಾಪಾಡಿಕೊಂಡು ಬಂದಿದೆ.

ರೈಲುಹಾದಿಯಲ್ಲಿ ಬೆಳೆದ ಗಾಯನ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಪುಣೆ, ಮೀರಜ್, ಬೆಳಗಾವಿ, ಧಾರವಾಡ ಮತ್ತು ಹುಬ್ಬಳ್ಳಿಯನ್ನು ಒಂದೇ ಸಾಲಿಗೆ ತಂದಾಗ, ಉತ್ತರದ ಉಸ್ತಾದರು ದಕ್ಷಿಣದ ಆಸ್ಥಾನಗಳಿಗೆ ಬಂದುಹೋಗುವುದು ಸುಲಭವಾಯಿತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಅಂಥವರಲ್ಲಿ ಪ್ರಮುಖರು. ಘರಾಣೆಯೆಂದರೆ ಗುರುಶಿಷ್ಯ ಪರಂಪರೆಯಲ್ಲಿ ರೂಪುಗೊಂಡು, ಸ್ವರ ಹಚ್ಚುವ ಬಗೆ, ರಾಗ ಬೆಳೆಸುವ ಕ್ರಮ ಮತ್ತು ಲಯದ ಒಲವುಗಳಿಂದ ಗುರುತಿಸಲಾಗುವ ಗಾಯನಶೈಲಿ. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ ಹೆಸರು ಪಡೆದ ಕಿರಾಣಾ ಶೈಲಿಯಲ್ಲಿ ಒಂದೊಂದು ಸ್ವರವನ್ನೂ ನಿಧಾನವಾಗಿ, ಶ್ರುತಿಶುದ್ಧವಾಗಿ ಬಿಡಿಸಿ ತೋರಿಸುವುದಕ್ಕೆ ಮೊದಲ ಸ್ಥಾನ. ಮೀರಜ್‌ನಲ್ಲಿ ನೆಲೆಸಿ, ಮೈಸೂರಿನ ಅರಮನೆಗೆ ಹೋಗಿಬರುತ್ತಿದ್ದ ಖಾನರು ದಾರಿಯಲ್ಲಿ ಧಾರವಾಡ ಸೀಮೆಯ ರಸಿಕರ ಮನೆಗಳಲ್ಲಿ ತಂಗಿ ಹಾಡುತ್ತಿದ್ದರು. ಕುಂದಗೋಳದ ರಾಮಚಂದ್ರರು ಖಾನರಿಂದ ಕಲಿತು ಮುಂದೆ ಸವಾಯಿ ಗಂಧರ್ವರೆಂದು (1886–1952) ಪ್ರಸಿದ್ಧರಾದರು.

ಹೀಗೆ ಬೆಳೆದ ಪರಂಪರೆಯಲ್ಲಿ ಪಯಣ ಮತ್ತು ಕಲಿಕೆ ಬೇರೆಬೇರೆಯಾಗಿ ಉಳಿಯಲಿಲ್ಲ. ಗಾಯಕಿ ಗಂಗೂಬಾಯಿ ಹಾನಗಲ್ಲರು (1913–2009) ಸವಾಯಿ ಗಂಧರ್ವರ ಬಳಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಪಾಠ ಮುಗಿದು ಕತ್ತಲಾದಾಗ ಅವರನ್ನು ನಿಲ್ದಾಣದವರೆಗೆ ಕಳಿಸಿಬರುವ ಹೊಣೆ ಗುರುಗಳ ಮನೆಯಲ್ಲಿದ್ದ ತರುಣ ಭೀಮಸೇನರದಾಗಿತ್ತು. ಆ ಭೀಮಸೇನರಾದರೋ ಅಬ್ದುಲ್ ಕರೀಂ ಖಾನರ ಒಂದು ಧ್ವನಿಮುದ್ರಿಕೆಯನ್ನು ಕೇಳಿ, ಹಾಗೆ ಹಾಡಲೇಬೇಕೆಂಬ ಹಂಬಲದಿಂದ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು, ರೈಲುಗಳಲ್ಲಿ ಹಾಡುತ್ತ ಉತ್ತರ ಭಾರತವನ್ನು ಸುತ್ತಿದವರು. ಜಲಂಧರದಲ್ಲಿ ಅವರನ್ನು ಕಂಡ ಗಾಯಕ ವಿನಾಯಕರಾವ್ ಪಟವರ್ಧನರು, ಸವಾಯಿ ಗಂಧರ್ವರಂಥ ಗುರು ನಿಮ್ಮ ಸೀಮೆಯಲ್ಲಿಯೇ ಇರುವಾಗ ಇಷ್ಟು ದೂರ ಅಲೆಯುವುದೇಕೆಂದು ತಿಳಿಹೇಳಿ ದಾರಿ ತೋರಿಸಿದರು. ಮುಂದೆ ದೇಶದ ತುಂಬ ಸಂಚರಿಸಿ ‘ಹವಾಯಿ ಗಂಧರ್ವ’ ಎಂಬ ಅಕ್ಕರೆಯ ಅಡ್ಡಹೆಸರು ಪಡೆದ ಈ ಗಾಯಕರು, ಕೇಳುತ್ತ ಹಾಡುತ್ತ ಅಲೆದ ಬಳಿಕವೇ ಸವಾಯಿ ಗಂಧರ್ವರ ಬಳಿ ಕಲಿಯಲು ಕುಳಿತರು ಎಂಬುದು ಗಮನಿಸಬೇಕಾದ ಸಂಗತಿ.

ಪುಣೆಗೆ ಹೊರಟ ರಸಿಕರಿಗೆ ಹಾದಿಯ ನಡುವೆ ಸಿಗುವ ಮೀರಜ್ ಕೂಡ ಈ ಪರಂಪರೆಯ ಭಾಗವೇ. ಹುಬ್ಬಳ್ಳಿಯ ಕಡೆಯ ಮೀಟರ್ ಗೇಜ್ ಹಳಿ ಅಲ್ಲಿಗೇ ನಿಲ್ಲುತ್ತಿದ್ದ ಕಾಲದಲ್ಲಿ ಪ್ರಯಾಣಿಕರು ಆ ನಿಲ್ದಾಣದಲ್ಲಿ ಗಾಡಿ ಬದಲಿಸಬೇಕಾಗುತ್ತಿತ್ತು. ಅಬ್ದುಲ್ ಕರೀಂ ಖಾನರ ಸಮಾಧಿಯಿರುವ ಈ ಊರಿನ ದರ್ಗಾದಲ್ಲಿ ಉರುಸಿನ ವೇಳೆ ಅವರ ನೆನಪಿನಲ್ಲಿ ಸಂಗೀತ ಸೇವೆ ನಡೆಯುತ್ತದೆ. ಊರಿನ ಕುಶಲಕರ್ಮಿಗಳು ಪಂಢರಪುರದ ಸುತ್ತಿನ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಗಳನ್ನು ಒಣಗಿಸಿ ತಂಬೂರಿ, ಸಿತಾರ್‌ಗಳನ್ನು ತಯಾರಿಸುತ್ತಾರೆ. ತಂಬೂರಿಯ ಕುದುರೆಯ ಮೇಲೆ, ತಂತಿಗೂ ಅದರ ಮೇಲ್ಮೈಗೂ ನಡುವೆ ಒಂದು ಎಳೆ ನೂಲನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿದಾಗ ನಾದ ಒಮ್ಮೆಲೇ ತೆರೆದುಕೊಂಡು ಝೇಂಕರಿಸುವುದನ್ನು ಜವಾರಿಯೆನ್ನುತ್ತಾರೆ. ಪುಣೆಯ ವೇದಿಕೆಯಲ್ಲಿ ಗಾಯಕನ ಬೆನ್ನಿಗೆ ಮಿಡಿಯುವ ಜೋಡಿ ತಂಬೂರಿಗಳ ನಾದ ಹದಗೊಳ್ಳುವುದು ಈ ಜವಾರಿಯಿಂದಲೇ.

ಚಾಪೆಯ ಮೇಲಿನ ಪಾಠ

ಮಹೋತ್ಸವದ ವಿಶಾಲ ಮಂಟಪದಲ್ಲಿ ಕುರ್ಚಿಗಳ ಜೊತೆಗೆ ನೆಲದ ಮೇಲೆ ಕೂರುವ ವ್ಯವಸ್ಥೆಯೂ ಇದ್ದು, ಇದನ್ನು ಅಲ್ಲಿ ಭಾರತೀಯ ಬೈಠಕ್ ಎನ್ನುತ್ತಾರೆ. ಸಾವಿರಾರು ಜನ ಜಮಖಾನೆ, ಶಾಲು, ಬುತ್ತಿಗಳೊಂದಿಗೆ ಬಂದು ಗುಂಪುಗುಂಪಾಗಿ ಕೂರುವ ಈ ಭಾಗದಲ್ಲಿ ಅಪರಿಚಿತರೂ ಒಂದೆರಡು ದಿನಗಳಲ್ಲಿ ನೆರೆಯವರಂತಾಗುತ್ತಾರೆ. ಮೊದಲ ಬಾರಿಗೆ ಬಂದವರು ಹಿರಿಯ ರಸಿಕರ ಪಕ್ಕದಲ್ಲಿ ಕುಳಿತು, ಯಾವ ಗ್ರಂಥವೂ ಕಲಿಸದ ಸೂಕ್ಷ್ಮಗಳನ್ನು ನೋಡಿ ಕಲಿಯುತ್ತಾರೆ.

ವಿಲಂಬಿತ ಏಕತಾಲದ ಖಯಾಲ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಖಯಾಲ್ ಎಂದರೆ ಕೆಲವೇ ಸಾಲುಗಳ ಬಂದಿಶನ್ನು, ಅಂದರೆ ರಾಗತಾಳಬದ್ಧ ರಚನೆಯನ್ನು, ಆಧಾರವಾಗಿಟ್ಟುಕೊಂಡು ಗಾಯಕನು ಅಲ್ಲಿಯೇ ಹೊಸದಾಗಿ ಬೆಳೆಸುತ್ತ ಹೋಗುವ ಗಾಯನಪ್ರಕಾರ. ಹನ್ನೆರಡು ಮಾತ್ರೆಗಳ ಏಕತಾಲವನ್ನು ನಿಧಾನಗತಿಯಲ್ಲಿ ನುಡಿಸಿದಾಗ ಒಂದು ಆವರ್ತನ ಮುಗಿಯಲು ಮುಕ್ಕಾಲು ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಡಿಯುವುದರಿಂದ, ಹೊಸ ಕೇಳುಗರಿಗೆ ತಾಳದ ಜಾಡೇ ಸಿಗುವುದಿಲ್ಲ. ಹಿರಿಯ ರಸಿಕರು ತಬಲಾದಲ್ಲಿ ‘ತಿರಕಿಟ’ ಎಂಬ ಬೋಲು ಎರಡು ಸಲ, ನಾಲ್ಕನೆಯ ಮತ್ತು ಹತ್ತನೆಯ ಮಾತ್ರೆಗಳಲ್ಲಿ, ಬರುವುದನ್ನು ಗುರುತಿಸುತ್ತಾರೆ. ಎರಡನೆಯ ತಿರಕಿಟ ಕೇಳಿದೊಡನೆ ಅವರ ಬೆರಳುಗಳು ತೊಡೆಯ ಮೇಲೆ ಎಚ್ಚತ್ತುಕೊಳ್ಳುತ್ತವೆ, ಏಕೆಂದರೆ ಇನ್ನೆರಡೇ ಮಾತ್ರೆಗಳಲ್ಲಿ ಆವರ್ತನದ ಮೊದಲ ಪೆಟ್ಟಾದ ‘ಸಮ್’ ಬರಬೇಕು ಮತ್ತು ಎಲ್ಲೆಲ್ಲಿಯೋ ವಿಹರಿಸುತ್ತಿರುವ ಗಾಯಕನು ಬಂದಿಶಿನ ಮುಖಡಾ, ಅಂದರೆ ಅದರ ಆರಂಭದ ತುಣುಕು, ಹಿಡಿದು ಅಲ್ಲಿಗೆ ಬಂದು ಸೇರಬೇಕು. ಅವನು ಕರಾರುವಾಕ್ಕಾಗಿ ಬಂದು ನಿಂತ ಗಳಿಗೆಯಲ್ಲಿ ಸಾವಿರಾರು ತಲೆಗಳು ಒಟ್ಟಿಗೆ ತೂಗಿ ‘ವಾಹ್’ ಎಂಬ ಉದ್ಗಾರ ಹೊಮ್ಮುತ್ತದೆ. ‘ದಾದ್’ ಎಂದು ಕರೆಯಲಾಗುವ ಈ ಮೆಚ್ಚುಗೆ ಗಾಯಕನಿಗೆ ತಲುಪುವ ಉತ್ತರ: ತನ್ನ ಕಲ್ಪನೆಯನ್ನು ಕೇಳುಗರು ಹಿಂಬಾಲಿಸುತ್ತಿದ್ದಾರೆಂದು ಖಚಿತವಾದಾಗ ಅವನು ಇನ್ನಷ್ಟು ಧೈರ್ಯದಿಂದ ರಾಗದೊಳಗೆ ಇಳಿಯುತ್ತಾನೆ. ಪಂಢರಪುರದ ವಾರಿಯೆಂಬ ಪಾದಯಾತ್ರೆಯಲ್ಲಿ ದಿಂಡಿಯ, ಅಂದರೆ ಯಾತ್ರಿಕರ ತಂಡದ, ಹಿರಿಯರ ಜೊತೆ ನಡೆಯುತ್ತಲೇ ಕಿರಿಯರಿಗೆ ಅಭಂಗಗಳು ಬಾಯಿಗೆ ಬರುವಂತೆ, ಇಲ್ಲಿ ಜೊತೆಗೂಡಿ ಕೇಳುತ್ತಲೇ ಕಿವಿ ಪಳಗುತ್ತದೆ.

ಅಹೋರಾತ್ರಿಯ ಗಾಯನ

ರಾಗಗಳಿಗೆ ಹೊತ್ತನ್ನು ನಿಗದಿಪಡಿಸಿರುವುದು ಹಿಂದುಸ್ತಾನಿ ಪದ್ಧತಿಯ ವೈಶಿಷ್ಟ್ಯ. ಯಮನ್ ಸಂಜೆ ಕಳೆದ ಮೇಲಿನ ರಾಗ, ಮಾಲ್ಕೌಂಸ್ ಮತ್ತು ದರ್ಬಾರಿ ಸರಿರಾತ್ರಿಯವು, ಲಲಿತ್ ನಸುಕಿನದು, ತೋಡಿ ಬೆಳಗಿನದು. ಪುಣೆಯ ಮಹೋತ್ಸವವು ಇಡೀ ರಾತ್ರಿ ನಡೆಯುತ್ತಿದ್ದ ದಿನಗಳಲ್ಲಿ ರಸಿಕರಿಗೆ ಈ ರಾಗಗಳೆಲ್ಲ ತಮ್ಮತಮ್ಮ ಹೊತ್ತಿನಲ್ಲಿಯೇ ಸಿಗುತ್ತಿದ್ದವು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಕೆಯನ್ನು ನಿರ್ಬಂಧಿಸಿದ ಮೇಲೆ ಬಯಲು ಮಂಟಪದ ಗೋಷ್ಠಿಗಳು ಮಧ್ಯಾಹ್ನ, ಸಂಜೆಗಳಿಗೆ ಸರಿದವು. ಊರಿನ ಜನರ ನಿದ್ದೆ ಮತ್ತು ಆರೋಗ್ಯದ ದೃಷ್ಟಿಯಿಂದ ನಿಯಮ ನ್ಯಾಯವಾದದ್ದೇ. ಆದರೆ ಸರಿರಾತ್ರಿಯ ರಾಗವನ್ನು ಸರಿರಾತ್ರಿಯಲ್ಲಿ ಕೇಳುವ ಅವಕಾಶ ಅದರಿಂದ ಅಪರೂಪವಾಯಿತು.

ಈ ಕಾರಣದಿಂದ, ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳದಲ್ಲಿ ನಾಡಿಗೇರ ಮನೆತನದ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣೆಗಾಗಿ ನಡೆದುಬಂದಿರುವ ಅಹೋರಾತ್ರಿ ಸಂಗೀತೋತ್ಸವಕ್ಕೆ ವಿಶೇಷ ಬೆಲೆಯಿದೆ. ವಾಡೆಯೆಂದರೆ ಅಂಗಳ, ಪಡಸಾಲೆಗಳುಳ್ಳ ಹಳೆಯ ದೊಡ್ಡ ಮನೆ. ಗಾಯಕನ ಉಸಿರಾಟವೂ ಕೇಳುವಷ್ಟು ಹತ್ತಿರದಲ್ಲಿ ಕುಳಿತ ರಸಿಕರ ಮುಂದೆ ಹಾಡುವುದು ಕಲಾವಿದರಿಗೂ ಪರೀಕ್ಷೆಯೇ. ಸುತ್ತಲಿನ ಹಳ್ಳಿಗಳ ರೈತರು, ಶಿಕ್ಷಕರು, ವ್ಯಾಪಾರಿಗಳು ಪೇಟೆಯ ರಸಿಕರ ಜೊತೆ ಒಂದೇ ಜಮಖಾನೆಯ ಮೇಲೆ ಬೆಳಗು ಮಾಡುವುದನ್ನು ಕಂಡರೆ, ಶಾಸ್ತ್ರೀಯ ಸಂಗೀತ ಕೆಲವರ ಸೊತ್ತೆಂಬ ಮಾತು ಈ ಸೀಮೆಗೆ ಒಪ್ಪುವುದಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಮುದ್ರಿಕೆ ಮತ್ತು ಮೈಫಲ್

ಭೀಮಸೇನರ ಗಾಯನದ ನೂರಾರು ಗಂಟೆಗಳು ಇಂದು ಮೊಬೈಲಿನಲ್ಲಿಯೇ ಸಿಗುವಾಗ ಈ ಪ್ರಯಾಣಗಳ ಅಗತ್ಯವೇನೆಂಬ ಪ್ರಶ್ನೆ ಸಹಜ. ಧ್ವನಿಮುದ್ರಣವನ್ನು ಮೈಫಲ್‌ನ, ಅಂದರೆ ಎದುರಿಗೆ ಕುಳಿತು ಕೇಳುವ ಗೋಷ್ಠಿಯ, ವಿರೋಧಿಯೆಂದು ಕಾಣಬೇಕಾಗಿಲ್ಲ: ಬಾಲಕ ಭೀಮಸೇನರನ್ನು ಗುರುವಿನ ಹುಡುಕಾಟಕ್ಕೆ ಹೊರಡಿಸಿದ್ದು ಮೂರು ನಿಮಿಷದ ಒಂದು ಮುದ್ರಿಕೆ, ಮತ್ತು ಮಹೋತ್ಸವದ ಕೊನೆಯಲ್ಲಿ ಸವಾಯಿ ಗಂಧರ್ವರು ಹಾಡಿದ ಭೈರವಿಯ ಠುಮ್ರಿಯ ಹಳೆಯ ಮುದ್ರಿಕೆಯನ್ನು ನುಡಿಸಿ ಎಲ್ಲರೂ ಒಟ್ಟಾಗಿ ಆಲಿಸುವುದು ಅಲ್ಲಿಯ ಸಂಪ್ರದಾಯ. ಮುದ್ರಿಕೆಯಲ್ಲಿ ರಾಗದ ವಿಸ್ತಾರ ಒಮ್ಮೆಗೆ ನಿಶ್ಚಯವಾಗಿಬಿಟ್ಟಿರುತ್ತದೆ. ಎದುರಿಗಿನ ಗಾಯನದಲ್ಲಾದರೋ ಆ ದಿನದ ಗಂಟಲು, ಸಾಥಿದಾರರ ಉತ್ಸಾಹ ಮತ್ತು ಕೇಳುಗರ ಪ್ರತಿಸ್ಪಂದನೆ ಕೂಡಿ ಅದು ಪ್ರತಿಸಲವೂ ಹೊಸದಾಗಿ ರೂಪುಗೊಳ್ಳುತ್ತದೆ. ಧಾರವಾಡದ ಎಂ. ವೆಂಕಟೇಶಕುಮಾರ್, ಹುಬ್ಬಳ್ಳಿಯ ಜಯತೀರ್ಥ ಮೇವುಂಡಿಯವರಂಥ ಗಾಯಕರನ್ನು ಪುಣೆಯ ಶ್ರೋತೃಗಳು ಕಾತರದಿಂದ ಕಾಯುವುದೂ, ಅವರನ್ನು ದಿನವೂ ಊರಿನಲ್ಲಿ ಕಾಣಬಲ್ಲವರೇ ಅಷ್ಟು ದೂರ ಹೋಗಿ ಕೇಳುವುದೂ ಈ ಕಾರಣಕ್ಕಾಗಿಯೇ.

ಉತ್ತರ ಕರ್ನಾಟಕವು ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಕುಮಾರ ಗಂಧರ್ವರಂಥವರನ್ನು ನಾಡಿಗೆ ಕೊಟ್ಟಿತೆಂದು ಹೆಮ್ಮೆಪಡುವಾಗ, ಅವರ ಎದುರು ಕುಳಿತು ತಲೆದೂಗಿದ, ತಪ್ಪಿದಾಗ ಸುಮ್ಮನಾದ, ಮತ್ತೆ ಮತ್ತೆ ಬಂದ ಕೇಳುಗರನ್ನೂ ನೆನೆಯುವುದು ನ್ಯಾಯ. ಗಾಯಕರಿಗೆ ಗುರುಕುಲಗಳೂ ವಿದ್ಯಾಲಯಗಳೂ ಇವೆ. ಕೇಳುಗರಿಗೆ ಇರುವುದು ಈ ಒಡನಾಟವೊಂದೇ. ಆದ್ದರಿಂದ ಹಿರಿಯ ರಸಿಕರು ಪುಣೆಗೋ ಕುಂದಗೋಳಕ್ಕೋ ಹೊರಡುವಾಗ ಮನೆಯ, ನೆರೆಯ, ಕಾಲೇಜಿನ ಕಿರಿಯರೊಬ್ಬರನ್ನು ಕರೆದುಕೊಂಡು ಹೋದರೆ, ಮುಂದಿನ ತಲೆಮಾರಿನ ಗಾಯಕರಿಗೆ ಬಲ್ಲ ಕೇಳುಗರನ್ನು ಸಿದ್ಧಪಡಿಸಿದಂತಾಗುತ್ತದೆ.