ದಂಡು ಹಳೇಬೀಡಿನಲ್ಲಿ, ಉಕ್ಕಿನ ಟೋಪಿ ಡೆಹ್ರಾಡೂನಿನಲ್ಲಿ!

ಅರಸೀಕೆರೆಯಲ್ಲಿ ರೈಲಿಳಿದು, ಬಸ್ಸು ಹಿಡಿದು ಹಳೇಬೀಡಿಗೆ ಬರುವ ಪ್ರವಾಸಿ ಹೊಯ್ಸಳೇಶ್ವರ ಗುಡಿಯನ್ನು ಒಂದು ಸುತ್ತು ಹಾಕಿದರೆ ಸಾಕು, ಇಡೀ ದಂಡನ್ನೇ ಕಂಡಂತೆ. ತಳದಲ್ಲಿ ಆನೆ ಸಾಲು, ಮೇಲೆ ಕುದುರೆ ಸವಾರರು, ಅದಕ್ಕೂ ಮೇಲೆ ರಾಮಾಯಣ, ಮಹಾಭಾರತದ ಕಾಳಗ. ಆಚೆ ಬಂದು ಅಂಗಡಿ ಹೊಕ್ಕರೆ ಬಳಪದ ಕಲ್ಲಿನ ಗಣಪ, ಮದನಿಕೆ ಸಿಗುತ್ತವೆ. ಹಳೇ ಕಾಲದ ಸೈನಿಕನ ಉಕ್ಕಿನ ಶಿರಸ್ತ್ರಾಣದ ನಕಲು ಬೇಕಾದರೆ?

ಅದರ ದೊಡ್ಡ ಪೇಟೆ ದೂರದ ಡೆಹ್ರಾಡೂನ್. ಗೂರ್ಖಾ ಪಡೆಗೆ ಕುಕ್ರಿ ಮಾಡಿಕೊಡಲು 1943ರಲ್ಲಿ ಶುರುವಾದ ಅಲ್ಲಿನ ವಿಂಡ್‌ಲಾಸ್ ಕಾರ್ಖಾನೆ, ಯೂರೋಪಿನ ಮಧ್ಯಯುಗದ ಕತ್ತಿ, ಕವಚ, ಶಿರಸ್ತ್ರಾಣಗಳ ಮಾದರಿ ತಯಾರಿಸಿ ಪರದೇಶಕ್ಕೆ ಕಳಿಸುತ್ತದೆ. ಸಿನಿಮಾದವರು, ಹಳೇ ಯುದ್ಧಗಳನ್ನು ಆಡಿ ತೋರಿಸುವ ಹವ್ಯಾಸಿಗಳು ಇಂಥ ಮಾಲಿನ ಗಿರಾಕಿಗಳು.

ಕೆಲಸವೇನು ಮಾಯಮಂತ್ರವಲ್ಲ. ಒಂದೂವರೆ ಮಿಲಿಮೀಟರ್ ಆಸುಪಾಸಿನ ಉಕ್ಕಿನ ತಗಡು ಕತ್ತರಿಸಬೇಕು. ಕುಲುಮೆಯಲ್ಲಿ ಕಾಯಿಸಿ, ಗುಳಿಯ ಮೇಲಿಟ್ಟು ಬಡಿದು ಬಟ್ಟಲು ಮಾಡಬೇಕು. ಗುಂಡುತಲೆಯ ಕಬ್ಬಿಣದ ಮೇಲೆ ಕವುಚಿ, ಸಣ್ಣ ಸುತ್ತಿಗೆಯಿಂದ ತಟ್ಟಿ ಏಟಿನ ಗುರುತು ಅಳಿಸಬೇಕು. ರಿವೆಟ್ ಹೊಡೆದು, ಒಳಗೆ ಚರ್ಮದ ಪಟ್ಟಿ ಕಟ್ಟಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿದರೆ ಮುಗೀತು. ನೇಗಿಲ ಕುಳ, ಕುಡುಗೋಲು ತಟ್ಟುವ ನಮ್ಮ ಕಮ್ಮಾರನ ಕೈಗೆ ಇದೇನು ಬಾರದ ವಿದ್ಯೆಯೇ?

ಉಕ್ಕು ನಮ್ಮವರಿಗೆ ಹೊಸದೂ ಅಲ್ಲ. ಭಾರತದ ಉಕ್ಕಿಗೆ ಇಂಗ್ಲಿಷಿನವರು ಇಟ್ಟ 'ವೂಟ್ಜ್' ಎಂಬ ಹೆಸರು ಕನ್ನಡದ 'ಉಕ್ಕು' ಎಂಬುದರಿಂದಲೇ ಬಂತು ಎಂಬುದು ಬಲ್ಲವರ ಮಾತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್, ಇಲ್ಲಿ ಉಕ್ಕು ಕಾಯಿಸುವ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಗಿರಾಕಿ ಮನೆ ಬಾಗಿಲಿಗೇ ಬರುವಾಗ ಕುಲುಮೆ ಆರಲು ಬಿಡುವುದೇ? ಒಂದು ಚಿಕ್ಕ ಟೋಪಿ, ಅಂಗೈಯಗಲದ ಗುರಾಣಿ ಮಾಡಿಟ್ಟು ನೋಡಬಹುದಲ್ಲ!

ಆದರೆ ಅಂಗಡಿಯವರಿಗೆ ಎರಡು ಕಿವಿಮಾತು. ಯೂರೋಪಿನ ಟೋಪಿ ತಂದಿಟ್ಟು 'ಹೊಯ್ಸಳರದು' ಅನ್ನಬೇಡಿ. ಮಾದರಿ ಬೇಕಾದರೆ ಗುಡಿಯ ಗೋಡೆ, ಊರ ವೀರಗಲ್ಲು ನೋಡಿ. ಹೊಸದನ್ನು ಮಾಸಲು ಮಾಡಿ 'ಹಳೇದು' ಎಂದೂ ಮಾರಬೇಡಿ. ಅದು ಗಿರಾಕಿಗೆ ಮಾಡುವ ಮೋಸ. ನಿಜವಾಗಿ 100 ವರ್ಷ ದಾಟಿದ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯಿದೆ ಅಡ್ಡ ಬರುತ್ತದೆ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಕೂಡದು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೂ ಇಲ್ಲ. 'ಇದು ನಕಲು, ನಮ್ಮೂರ ಕಮ್ಮಾರ ಮಾಡಿದ್ದು' ಎಂದು ಚೀಟಿ ಅಂಟಿಸಿ ಮಾರಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ.