ಹಲ್ಲಿನ ಹುಳುಕು: ನೋವಿಗೆ ಮುಂಚಿನ ಕಥೆ

ಹಲ್ಲಿಗೆ ಹುಳು ಹಿಡಿದಿದೆಯೆಂದು ನಮ್ಮ ಹಿರಿಯರು ಹೇಳುವುದುಂಟು. ಹಲ್ಲಿನೊಳಗೆ ಹುಳುವಿಲ್ಲವೆಂಬುದು ಈಗ ಎಲ್ಲರಿಗೂ ವಿದಿತವೇ. ಆದರೂ ಜೀವಿಗಳ ಕೈವಾಡವೇನೋ ಉಂಟು. ಬಾಯಿಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುವುವೆಂದೂ ಆ ಆಮ್ಲವೇ ಹಲ್ಲನ್ನು ಕರಗಿಸುವುದೆಂದೂ ಡಬ್ಲ್ಯು. ಡಿ. ಮಿಲ್ಲರ್ ಎಂಬ ದಂತವಿಜ್ಞಾನಿಯು 1890ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ವಿವರಿಸಿದನು.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಕಠಿನವಾದ ವಸ್ತು. ತೂಕದಲ್ಲಿ ಅದರ ನೂರಕ್ಕೆ ಸುಮಾರು 96 ಪಾಲು ಕ್ಯಾಲ್ಸಿಯಂ ಫಾಸ್ಫೇಟಿನ ಖನಿಜ. ಇಷ್ಟು ಗಟ್ಟಿಯಾದುದೂ ಪಿಎಚ್ ಮೌಲ್ಯವು ಸುಮಾರು 5.5ಕ್ಕಿಂತ ಕೆಳಗಿಳಿದರೆ ಕರಗತೊಡಗುವುದು. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಪಾಚಿಯಲ್ಲಿ ಈ ಇಳಿತವುಂಟಾಗುತ್ತದೆ. ಲಾಲಾರಸವು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆ ಬಳಿಕ ಲಾಲಾರಸದಲ್ಲಿರುವ ಕ್ಯಾಲ್ಸಿಯಂ, ಕಳೆದುಹೋದ ಖನಿಜವನ್ನು ಮೆಲ್ಲಮೆಲ್ಲನೆ ಮರಳಿ ತುಂಬುತ್ತದೆ. ಊಟದೊಡನೆ ಎರಡು ಲಾಡು ತಿಂದ ಮಗುವಿಗಿಂತ ದಿನವಿಡೀ ಜೇಬಿನಿಂದ ಪೆಪ್ಪರಮಿಂಟು ತೆಗೆದು ಚಪ್ಪರಿಸುವ ಮಗುವಿನ ಹಲ್ಲೇ ಬೇಗ ಕೆಡುವುದೇಕೆಂಬುದು ಇದರಿಂದ ತಿಳಿಯುತ್ತದೆ. ಆ ಮಗುವಿನ ಲಾಲಾರಸಕ್ಕೆ ಬಿಡುವೇ ದೊರೆಯದು.

ಎನಾಮಲಿನಲ್ಲಿ ನರಗಳಿಲ್ಲ. ಆದ್ದರಿಂದ ಅದು ಕರಗುತ್ತಿರುವಾಗ ಮಗುವಿಗೆ ನೋವೇ ತಿಳಿಯದು. ಹುಳುಕು ಕವಚವನ್ನು ದಾಟಿ ಒಳಗಿನ ತಿರುಳಿನ ಕಡೆಗೆ ಸಾಗಿದ ಮೇಲೆಯೇ ಹಲ್ಲು ಜುಮ್ಮೆನ್ನುವುದು. ಅಷ್ಟರಲ್ಲಿ ಗುಳಿ ಬಿದ್ದಿರುತ್ತದೆ; ಅದನ್ನು ತುಂಬುವುದು ಲಾಲಾರಸದಿಂದಾಗದು, ವೈದ್ಯನೇ ತುಂಬಬೇಕು. ಹಾಲುಹಲ್ಲುಗಳ ಎನಾಮಲ್ ತೆಳುವಾದುದರಿಂದ ಅಲ್ಲಿ ಇದೆಲ್ಲ ಇನ್ನೂ ಬೇಗ ನಡೆಯುತ್ತದೆ. ನೋವು ಬಂದಾಗ ನೋಡೋಣವೆನ್ನುವ ತಂದೆತಾಯಿಗಳು ಬಹಳ ತಡವಾಗಿ ಬಂದಂತೆಯೇ ಸರಿ.

ನೋವಿಲ್ಲದ ಹುಳುಕನ್ನು ವೈದ್ಯನು ಕಾಣುವುದು ಹೇಗೆ? ಇಲ್ಲಿ ಭೌತಶಾಸ್ತ್ರದ ಸೊಗಸಾದ ತತ್ತ್ವವೊಂದಿದೆ. ಖನಿಜ ಕಳೆದುಕೊಂಡ ಎನಾಮಲಿನಲ್ಲಿ ಅತಿಸೂಕ್ಷ್ಮ ರಂಧ್ರಗಳೇರ್ಪಡುತ್ತವೆ. ಎನಾಮಲಿನ ವಕ್ರೀಭವನಾಂಕ ಸುಮಾರು 1.62, ನೀರಿನದು 1.33, ಗಾಳಿಯದು 1. ರಂಧ್ರಗಳಲ್ಲಿ ನೀರು ತುಂಬಿರುವಾಗ ಈ ಅಂತರ ಕಡಮೆ; ಬೆಳಕು ಹೆಚ್ಚು ಚದರದೆ ಸಾಗುವುದರಿಂದ ಹಲ್ಲು ನೆಟ್ಟಗಿರುವಂತೆಯೇ ತೋರುತ್ತದೆ. ವೈದ್ಯನು ಗಾಳಿಯೂದಿ ಹಲ್ಲನ್ನು ಒಣಗಿಸಿದನೆಂದರೆ ನೀರಿದ್ದ ಎಡೆಯಲ್ಲಿ ಗಾಳಿ ಸೇರುತ್ತದೆ, ಅಂತರ ಹೆಚ್ಚುತ್ತದೆ, ಬೆಳಕು ಚದರುತ್ತದೆ. ಸೀಮೆಸುಣ್ಣದಂತಹ ಬಿಳಿಯ ಮಚ್ಚೆಯೊಂದು ಮೂಡಿಬರುತ್ತದೆ. ಬಿಳಿಯ ಕಾಗದಕ್ಕೆ ಎಣ್ಣೆ ತಗುಲಿದರೆ ಅದರ ಮೂಲಕ ಬೆಳಕು ಹಾಯುವುದನ್ನು ವಾಚಕರು ಕಂಡಿರಬಹುದು. ಇದು ಅದರ ವಿಲೋಮ. ಮನೆಯಲ್ಲಿ ಟಾರ್ಚು ಹಿಡಿದು ಒದ್ದೆಯಾದ ಹಲ್ಲನ್ನು ಎಷ್ಟು ನೋಡಿದರೂ ಈ ಮಚ್ಚೆ ಕಾಣದಿರಬಹುದು. ಈ ಹಂತದಲ್ಲಿ ಫ್ಲೋರೈಡಿನ ಲೇಪ, ಸರಿಯಾದ ಉಜ್ಜುವಿಕೆ, ಸಿಹಿಯ ಮಿತಿ ಇವುಗಳಿಂದಲೇ ಹುಳುಕನ್ನು ತಡೆಯಬಹುದು, ಕೊರೆಯಬೇಕಾಗಿಲ್ಲ.

ಕೋಲಾರ, ರಾಯಚೂರು ಮುಂತಾದ ಜಿಲ್ಲೆಗಳ ಕೆಲವೆಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದ್ದು, ಅದರಿಂದಲೂ ಮಕ್ಕಳ ಹಲ್ಲಿನ ಮೇಲೆ ಕಲೆಗಳಾಗುತ್ತವೆ. ಇವೆರಡನ್ನೂ ಬೇರ್ಪಡಿಸಿ ಹೇಳುವುದು ಬಲ್ಲವರ ಕೆಲಸ. ಹಲ್ಲುಗಳ ಸಂದಿಯ ಹುಳುಕಿಗಾದರೋ ಕ್ಷ-ಕಿರಣವೇ ಬೇಕು. ರಾಂಟ್‌ಜನನು 1895ರಲ್ಲಿ ಅದನ್ನು ಕಂಡುಹಿಡಿದ ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ವಾಲ್ಕೋಫನು ತನ್ನ ಹಲ್ಲುಗಳ ಚಿತ್ರವನ್ನು ತೆಗೆದನು. ಅದಕ್ಕೆ 25 ನಿಮಿಷ ಹಿಡಿಯಿತು! ಈಗ ಒಂದು ಸೆಕೆಂಡೂ ಬೇಡ.

ಮೊದಲ ತಪಾಸಣೆ ಮಗುವಿಗೆ ವರ್ಷ ತುಂಬುವುದರೊಳಗೆ ಆಗಬೇಕು. ಬಳಿಕ ಆರು ತಿಂಗಳಿಗೊಮ್ಮೆಯೆಂಬುದು ರೂಢಿಯ ಲೆಕ್ಕ. ಹುಳುಕು ಬೇಗ ಹಿಡಿಯುವ ಮಕ್ಕಳಿಗೆ ವೈದ್ಯರು ಇನ್ನೂ ಬೇಗ ಬರಹೇಳುವರು. ಆರನೆಯ ವಯಸ್ಸಿನ ತಪಾಸಣೆಯನ್ನಂತೂ ತಪ್ಪಿಸಬಾರದು. ಆಗ 20 ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆಹಲ್ಲು ಹುಟ್ಟುತ್ತದೆ. ಅದೂ ಹಾಲುಹಲ್ಲೇ, ಬಿದ್ದು ಮತ್ತೆ ಬರುವುದೆಂದು ಅನೇಕರು ಉಪೇಕ್ಷಿಸುತ್ತಾರೆ; ಅದು ಹೋದರೆ ಮತ್ತೊಂದು ಬರುವುದಿಲ್ಲ. ಅದರ ಮೇಲ್ಮೈಯ ಗೀರುಗಳು ಆಳವಾಗಿದ್ದು ಬ್ರಷ್ಷಿನ ಎಳೆಗೆ ನಿಲುಕವು. ಹಲ್ಲು ಪೂರ್ತಿ ಮೂಡಿದ ಕೂಡಲೇ ಆ ಗೀರುಗಳನ್ನು ತೆಳುವಾದ ರಾಳದಿಂದ ಮುಚ್ಚಿಬಿಡಬಹುದು. ಈ ಕೆಲಸಕ್ಕೆ ಸೂಜಿಯೂ ಬೇಡ, ಕೊರೆಯುವ ಯಂತ್ರವೂ ಬೇಡ.