ತಾಂಡಾದವರನ್ನ ಕಾನೂನು ಏನಂತ ಕರೀತದ?

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕತೆ, ಕಾದಂಬರಿ, ಆತ್ಮಕಥನಗಳ ಕಡೆ ತಿರುಗುತ್ತೇವೆ. ಈ ಸಂಚಿಕೆಗೆ ನಾನು ಓದಲು ಹೊರಟಿರುವ ಪಠ್ಯಗಳು ಬೇರೆ: ಒಂದು ಹಕ್ಕುಪತ್ರ, ಒಂದು ಪಹಣಿ, ಅರಣ್ಯ ಹಕ್ಕಿನ ಒಂದು ಅರ್ಜಿ ನಮೂನೆ. ಇವನ್ನು ಬರೆದವರಿಗೆ ಯಾವ ಅಕಾಡೆಮಿಯೂ ಪ್ರಶಸ್ತಿ ಕೊಟ್ಟಿಲ್ಲ. ಆದರೆ ನಮ್ಮ ಭಾಗದ ಬಡವರ ಹಣೆಬರಹ ಇರುವುದು ಇವುಗಳಲ್ಲೇ.

2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡಕ್ಕೆ ಪ್ರಧಾನಿ ಬಂದು ಹಕ್ಕುಪತ್ರ ಹಂಚಿದರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ ಸುಮಾರು 1,475 ದಾಖಲೆಯಿಲ್ಲದ ವಸತಿಗಳು ಕಂದಾಯ ಗ್ರಾಮಗಳಾದವು. 50 ಸಾವಿರಕ್ಕೂ ಹೆಚ್ಚು ಜನ 'ಫಲಾನುಭವಿ'ಗಳಾದರು. ಅವರಲ್ಲಿ ದೊಡ್ಡ ಪಾಲು ತಾಂಡಾದ ಲಂಬಾಣಿಗರು. ಇದು ಸಣ್ಣ ಸಂಗತಿಯಲ್ಲ. ತಲೆಮಾರುಗಟ್ಟಲೆ ಯಾರದೋ ಸರ್ವೆ ನಂಬರಿನಲ್ಲಿ ಗುಡಿಸಲು ಹಾಕಿಕೊಂಡಿದ್ದವರಿಗೆ ತಮ್ಮ ಹೆಸರಿನ ಕಾಗದ ಬಂತು. ಆದರೆ ಚಿಂಚೋಳಿ ಕಡೆಯ ತಾಂಡಾದ ಮುದುಕರೊಬ್ಬರು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲದೆ: "ಮನಿ ಕಾಗದ ಬಂತು ತಮ್ಮಾ. ಖರೇ, ಮನ್ಯಾಗ ಕುಂತು ಏನು ಉಣ್ಣಲಿ?"

ಮುದುಕರ ಮಾತಿನಲ್ಲಿ ಕಾನೂನಿನ ಪ್ರಶ್ನೆಯೇ ಇದೆ. ಮನೆ ಖಾಸಗಿ ಜಮೀನಿನಲ್ಲಿದ್ದರೆ 1961ರ ಭೂಸುಧಾರಣಾ ಕಾಯ್ದೆಯ 38ಎ ಕಲಂ, ಸರಕಾರಿ ಜಮೀನಿನಲ್ಲಿದ್ದರೆ 1964ರ ಭೂಕಂದಾಯ ಕಾಯ್ದೆಯ 94ಡಿ ಕಲಂ. ಎರಡೂ ಮನೆಯಡಿಯ ಜಾಗದ ಮಾತಾಡುತ್ತವೆ. ಹೊಲದ ಮಾತು, ದನ ಮೇಯುವ ಗುಡ್ಡದ ಮಾತು ಅಲ್ಲಿಲ್ಲ. ಅರಣ್ಯದ ಗೆರೆಯೊಳಗೆ ಉಳುವವರಿಗೆ ಇರುವುದು 2006ರ ಅರಣ್ಯ ಹಕ್ಕುಗಳ ಕಾಯ್ದೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯವಾದ ಮೇಲಂತೂ ಅಲ್ಲಿನ ತಾಂಡಾಗಳಿಗೆ ಇದೇ ಆಸರೆ.

ಆ ಕಾಯ್ದೆ ಮೊದಲು ಕೇಳುವುದು 'ನೀನು ಯಾರು' ಅಂತ. ಪರಿಶಿಷ್ಟ ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮೊದಲೇ ಭೂಮಿ ಸ್ವಾಧೀನದಲ್ಲಿದ್ದರೆ ಸಾಕು. ಅಲ್ಲದಿದ್ದರೆ 'ಇತರೆ ಪಾರಂಪರಿಕ ಅರಣ್ಯವಾಸಿ'. ಅವನು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲೇ ನೆಲೆಸಿ ಕಾಡನ್ನೇ ನೆಚ್ಚಿದ್ದನ್ನು ತೋರಿಸಬೇಕು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಚಿಂಚೋಳಿಯ ಗಡಿ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ, 1976ರ ತಿದ್ದುಪಡಿ ಕಾಯ್ದೆಯಿಂದಾಗಿ, ಅದೇ ಜನ ಪರಿಶಿಷ್ಟ ಪಂಗಡ. ಮಹಾರಾಷ್ಟ್ರಕ್ಕೆ ಹೋದರೆ ವಿಮುಕ್ತ ಜಾತಿ. ಒಂದೇ ಗೋರಬೋಲಿ, ಒಂದೇ ಸೇವಾಲಾಲರ ಪೂಜೆ, ಅತ್ತಿತ್ತ ಬೀಗತನ. ಪಟ್ಟಿ ಮಾತ್ರ ಮೂರು. ಅಕ್ಕನ ಮಗನಿಗೆ ಆಚೆ ಆ ತಾರೀಖಿಗೆ ಮೊದಲಿನ ಸ್ವಾಧೀನದ ಸಾಕ್ಷಿ ಸಾಕಾದರೆ ತಮ್ಮನಿಗೆ ಈಚೆ ಮೂರು ತಲೆಮಾರಿನದು ಬೇಕು.

75 ವರ್ಷ ಹಿಂದಕ್ಕೆ ಎಣಿಸಿದರೆ 1930. ಆಗ ಇಲ್ಲಿ ನಿಜಾಮನ ಆಳ್ವಿಕೆ, ಸರಕಾರಿ ದಫ್ತರು ಉರ್ದುವಿನದು. ಅದರಲ್ಲಿ ಲದ್ದೆತ್ತಿನ ಜನರ ತಾಂಡಾಕ್ಕೆ ಎಲ್ಲಿಯ ಜಾಗ? ಒಂದು ಕಚೇರಿಯಲ್ಲಿ ನನ್ನ ಎದುರಿಗೇ "ನಿಜಾಮನ ಕಾಲದ ಕಾಗದ ತರ್ರಿ" ಅಂದು ಅರ್ಜಿ ಮರಳಿಸಿದರು. ಹೀಗೆ ಕೇಳಲು ಅವರಿಗೆ ಅಧಿಕಾರವೇ ಇಲ್ಲ. 2008ರ ನಿಯಮಗಳ 13ನೇ ನಿಯಮ ಹಿರಿಯರ ಲಿಖಿತ ಹೇಳಿಕೆಯನ್ನು, ವಂಶಾವಳಿಯನ್ನು, ಬಾವಿ, ಗೋರಿ, ದೇವರ ಕಟ್ಟೆಗಳನ್ನು ಸಾಕ್ಷಿಯೆಂದು ಒಪ್ಪುತ್ತದೆ. ಇಂಥದೇ ದಾಖಲೆ ಬೇಕೆಂದು ಸಮಿತಿಗಳು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಬಿಡಿಸಿ ಹೇಳಿದೆ. ಮುದುಕಿಯ ನೆನಪು ಪಠ್ಯವೆಂದು ನಾವು ಗೋಷ್ಠಿಗಳಲ್ಲಿ ವಾದಿಸುತ್ತೇವಲ್ಲ, ಅದನ್ನು ಒಂದು ಸರಕಾರಿ ನಿಯಮವೇ ಒಪ್ಪಿಕೊಂಡಿದೆ. ನಾವೇ ಅದನ್ನು ಓದಿಲ್ಲ.

ಇನ್ನೊಂದು ಕಲಂ ನನಗೆ ಇದಕ್ಕಿಂತ ಮುಖ್ಯ. ಈ ಕಾಯ್ದೆಯ ಪ್ರಕಾರ ಹಳೆಯ ವಸತಿ, ಸರ್ವೆಯಾಗದ ಹಳ್ಳಿ, ದಾಖಲೆಯಲ್ಲಿ ಗ್ರಾಮವೆಂದು ಇರಲಿ ಬಿಡಲಿ, 'ಗ್ರಾಮ'ವೇ. ಅಂದರೆ ಊರ ಗೌಡರ ಪಂಚಾಯತಿ ಕಟ್ಟೆಗೆ ಹೋಗಿ ಮೂಲೆಯಲ್ಲಿ ನಿಲ್ಲಬೇಕಿಲ್ಲ; ಕಾಡಿನ ತಾಂಡಾ ತನ್ನದೇ ಗ್ರಾಮಸಭೆಯಾಗಿ ಕೂಡಬಹುದು. ಹಕ್ಕುಗಳನ್ನು ಗುರುತಿಸುವ ಕೆಲಸ ಶುರುವಾಗುವುದೇ ಆ ಸಭೆಯಿಂದ. ಗುರುತಿಸಿ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಅಭಯಾರಣ್ಯದೊಳಗೆ ನಿರ್ಣಾಯಕ ವನ್ಯಜೀವಿ ನೆಲೆಯೆಂದು ಗುರುತಿಸಿದ ಜಾಗದಿಂದ ಜನರನ್ನು ಸ್ಥಳಾಂತರಿಸಬೇಕಾದರೂ ಗ್ರಾಮಸಭೆಯ ಮುಕ್ತ ಒಪ್ಪಿಗೆ ಲಿಖಿತವಾಗಿ ಬೇಕು. ಹಕ್ಕುಪತ್ರದಲ್ಲಿ ತಾಂಡಾದವನು ಕೈಚಾಚಿದ ಫಲಾನುಭವಿ. ಇಲ್ಲಿ 'ಒಲ್ಲೆ' ಅನ್ನಬಲ್ಲವನು. ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು 2013ರಲ್ಲಿ ಬಾಕ್ಸೈಟ್ ಗಣಿಯನ್ನು ಬೇಡವೆಂದದ್ದು ಇದೇ ಕಾಯ್ದೆಯ ಬಲದಿಂದ.

ತಾಂಡಾಕ್ಕೆ ತನ್ನ ಆಳ್ವಿಕೆ ಹೊಸದೇನಲ್ಲ. ನಾಯಕ, ಕಾರಭಾರಿ, ನಸಾಬ ಎಂಬ ನ್ಯಾಯಪಂಚಾಯತಿ ಇದ್ದವು. ಅದನ್ನು ಕೊಂಡಾಡುವ ಉತ್ಸಾಹ ನನಗಿಲ್ಲ. ನಸಾಬದಲ್ಲಿ ಹೆಂಗಸರಿಗೆ ಜಾಗವಿರಲಿಲ್ಲ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರೇ ಇರಬೇಕು. ಇದನ್ನು ಓದಿ ಹೇಳಿದಾಗ ಒಬ್ಬಾಕೆ, "ಹಂಗಾದ್ರ ನಾಯಕನ ಬಾಜೂಕ ಕುರ್ಚಿ ಹಾಕ್ತಾರೇನು?" ಅಂದಳು. ನಕ್ಕವರು ಗಂಡಸರು ಮಾತ್ರ.

ಕಾಡಿನಿಂದ ಇಳಿದು ಚಿತ್ತಾಪುರ, ವಾಡಿ, ಶಹಾಬಾದಕ್ಕೆ ಬಂದರೆ ಈ ಬಲವೂ ಇಲ್ಲ. ಅಲ್ಲಿ ನೆಲದಡಿ ಸುಣ್ಣದ ಕಲ್ಲು. ಮೇಲೆ ಪರಸಿ ಖಣಿ, ಸಿಮೆಂಟ್ ಚಿಮಣಿ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಒಂದು ಪ್ರದೇಶವೂ ಇಲ್ಲ, ಹಾಗಾಗಿ 1996ರ ಪೆಸಾ ಕಾಯ್ದೆಯೂ ಇಲ್ಲ. ಅದೇ ನಿಜಾಮನ ರಾಜ್ಯದಲ್ಲಿದ್ದ ಆದಿಲಾಬಾದಿಗೆ ಆ ರಕ್ಷಣೆ ಸಿಕ್ಕಿತು. 2013ರ ಭೂಸ್ವಾಧೀನ ಕಾಯ್ದೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯ ಮಾಡಿರುವುದು ಅನುಸೂಚಿತ ಪ್ರದೇಶಗಳಲ್ಲಿ ಮಾತ್ರ. ಇಲ್ಲಿ ಉಳಿದಿರುವುದು 1978ರ ಪಿಟಿಸಿಎಲ್ ಕಾಯ್ದೆ: ಸರಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ, ಮಾರಿಸಿಕೊಂಡಿದ್ದರೆ ಉಪವಿಭಾಗಾಧಿಕಾರಿ ಮರಳಿಸಬೇಕು. 2017ರಲ್ಲಿ ಸುಪ್ರೀಂ ಕೋರ್ಟು ತಡವಾಗಿ ಬಂದ ಅರ್ಜಿಗೆ ಬಾಗಿಲು ಹಾಕಿತು. ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ಶಾಸನಸಭೆ ತಿದ್ದುಪಡಿ ತಂದಿತು. ಆದರೂ ಇದು ಒಬ್ಬೊಬ್ಬರ ಪಹಣಿಯ ಜಗಳ, ಊರಿನ ಮಾತಲ್ಲ.

ಒಳಮೀಸಲಾತಿಯ ಜಗಳದ ನಡುವೆ ನಾನು ಲಂಬಾಣಿಗರ ಭೂಮಿಯ ಬಗ್ಗೆ ಬರೆಯುವುದು ನಮ್ಮ ಹೊಲೆಯ-ಮಾದಿಗ ಗೆಳೆಯರಲ್ಲಿ ಕೆಲವರಿಗೆ ಸರಿಕಾಣಲಿಕ್ಕಿಲ್ಲ. ಮೀಸಲಾತಿಯಲ್ಲಿ ನಮ್ಮ ಪಾಲು ನಾವು ಕೇಳಲೇಬೇಕು. ಆದರೆ ಕಾಡಿನಂಚಿನ ನಮ್ಮ ಕೇರಿಯವರೂ ಇದೇ ಕಾಯ್ದೆಯಲ್ಲಿ 'ಇತರೆ'ಯವರೇ, ಅದೇ 75 ವರ್ಷ ಅವರ ಕೊರಳಿಗೂ ಬಿದ್ದಿದೆ.

2019ರ ಫೆಬ್ರವರಿ 13ರಂದು ಅರ್ಜಿ ತಿರಸ್ಕೃತವಾದವರನ್ನು ಹೊರಹಾಕಿರೆಂದು ಸುಪ್ರೀಂ ಕೋರ್ಟು ಆದೇಶಿಸಿತ್ತು. 28ರಂದು ತಾನೇ ತಡೆಹಿಡಿಯಿತು. ತಿರಸ್ಕಾರ ಎಂಬ ಒಂದು ಪದಕ್ಕೆ ಎಂಥ ತೂಕವಿದೆಯೆಂದು ಆ ಎರಡು ವಾರ ತೋರಿಸಿದವು. ಆದ್ದರಿಂದ ಅರ್ಜಿ ಮರಳಿ ಬಂದರೆ ಬಾಯಿಮಾತಿಗೆ ಒಪ್ಪಬೇಡಿ. ಕಾರಣವನ್ನು ಬರೆದು ಕೊಡಿರೆಂದು ಕೇಳಿ, ತಾರೀಖು ಹಾಕಿಸಿಕೊಳ್ಳಿ. ಉಪವಿಭಾಗ ಸಮಿತಿಯ ತೀರ್ಮಾನದ ಮೇಲೆ ಜಿಲ್ಲಾ ಸಮಿತಿಗೆ ಹೋಗಲು ಇರುವುದು 60 ದಿನ.